ಮೊದಲು ಮೇಷ್ಟ್ರಿಗೆ ಹೇಳಿ

2024ರ ಮಾರ್ಚ್ ತಿಂಗಳು ನೆನಪಿದೆಯೇ? ಐದು, ಎಂಟು, ಒಂಬತ್ತನೇ ತರಗತಿಗಳಿಗೆ ಬೋರ್ಡ್ ಪರೀಕ್ಷೆ ಎಂದು ಸರ್ಕಾರ ಹೇಳಿತ್ತು. ಮಾರ್ಚ್ 6ರಂದು ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದು ಮಾಡಿತು. ಮಾರನೆಯ ದಿನ ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ಕೊಟ್ಟಿತು. 11ರಂದು ಪರೀಕ್ಷೆ ಶುರುವಾಯಿತು. 12ರಂದು ಸುಪ್ರೀಂ ಕೋರ್ಟಿನ ಆದೇಶ ಬಂದು ಅರ್ಧಕ್ಕೇ ನಿಂತಿತು. 22ರಂದು ಹೈಕೋರ್ಟು ಪರೀಕ್ಷೆ ನಡೆಸಬಹುದು ಎಂದಿತು. 25ರಿಂದ ಉಳಿದ ಪತ್ರಿಕೆಗಳನ್ನು ಬರೆಸಿದರು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟು ಫಲಿತಾಂಶವನ್ನೇ ತಡೆಹಿಡಿಯಿತು. "ಸಾರ್, ನಾಳೆ ಪರೀಕ್ಷೆ ಇದೆಯಾ, ಇಲ್ವಾ?" ಎಂದು ಹತ್ತು ವರ್ಷದ ಮಗು ಕೇಳಿದರೆ ಆ ತಿಂಗಳು ಯಾವ ಮೇಷ್ಟ್ರ ಬಳಿಯೂ ಉತ್ತರವಿರಲಿಲ್ಲ. "ಟಿವೀಲಿ ಏನು ಹೇಳ್ತಾರೋ ನೋಡೋಣ ಕಣೋ" ಎನ್ನುವುದೊಂದೇ ಅವರಿಗೆ ಉಳಿದಿದ್ದ ಮಾತು.

ಕೋರ್ಟಿನ ಕಲಾಪ ಯಾರ ಕೈಯಲ್ಲೂ ಇರಲಿಲ್ಲ, ಒಪ್ಪೋಣ. ಆದರೆ ಟಿವಿ ನೋಡಿ ತನ್ನ ಕೆಲಸ ಏನೆಂದು ತಿಳಿದುಕೊಳ್ಳುವ ಗತಿ ಮೇಷ್ಟ್ರಿಗೆ ಬಂದದ್ದು ಆ ತಿಂಗಳು ಮಾತ್ರವಲ್ಲ. ಪಠ್ಯ ಬದಲಾದಾಗ, ಪ್ರಶ್ನೆಪತ್ರಿಕೆಯ ಸ್ವರೂಪ ಬದಲಾದಾಗ, ಪಾಸಾಗಲು ಬೇಕಾದ ಅಂಕ ಬದಲಾದಾಗ, ಮೌಲ್ಯಮಾಪನದ ಕ್ರಮ ಬದಲಾದಾಗ, ವಿಷಯ ಮೊದಲು ಗೊತ್ತಾಗುವುದು ವಿಧಾನಸೌಧದ ವರದಿಗಾರರಿಗೆ. ಆಮೇಲೆ ಅಪ್ಪ ಅಮ್ಮಂದಿರಿಗೆ. ಆಮೇಲೆ ಗೈಡ್ ಅಚ್ಚು ಹಾಕುವವರಿಗೆ. ಕರಿಹಲಗೆಯ ಮುಂದೆ ನಿಂತು ಅದನ್ನು ಜಾರಿ ಮಾಡಬೇಕಾದವರಿಗೆ ಎಲ್ಲರಿಗಿಂತ ಕೊನೆಗೆ, ಅದೂ ಅರೆಬರೆ.

ಈ ಲೇಖನ ಕೇಳುವುದು ಇಷ್ಟೇ. ಶಾಲೆಯಲ್ಲಿ ಏನನ್ನಾದರೂ ಬದಲಿಸಿ, ಆದರೆ ಬದಲಿಸುವ ಮೊದಲು ಮೇಷ್ಟ್ರಿಗೆ ಹೇಳಿ. ಏನು ಬದಲಾಗುತ್ತಿದೆ, ಯಾಕೆ ಬದಲಾಗುತ್ತಿದೆ, ಯಾವಾಗಿನಿಂದ, ಅನುಮಾನ ಬಂದರೆ ಯಾರನ್ನು ಕೇಳಬೇಕು, ಈ ನಾಲ್ಕನ್ನೂ ಹೇಳಿ. ಇದನ್ನು ಆಡಳಿತದ ಒಂದು ಸಣ್ಣ ಸುಧಾರಣೆ ಎಂದು ತಳ್ಳಿಹಾಕಬೇಡಿ. ಮಕ್ಕಳ ಮುಂದೆ ಒಬ್ಬ ಮನುಷ್ಯನನ್ನು ನಿಲ್ಲಿಸಿ, ಅವನ ಕೈಗೆ ಏನನ್ನೂ ಕೊಡದೆ, ಫಲಿತಾಂಶ ಕೆಟ್ಟಾಗ ಅವನಿಗೇ ನೋಟಿಸ್ ಕೊಡುವುದು ನ್ಯಾಯವೇ ಎಂಬ ಪ್ರಶ್ನೆ ಇದು.

ಪಠ್ಯಪುಸ್ತಕಗಳ ಕತೆಯನ್ನೇ ನೋಡಿ. 2022ರಲ್ಲಿ ರೋಹಿತ್ ಚಕ್ರತೀರ್ಥ ನೇತೃತ್ವದ ಸಮಿತಿ ಪರಿಷ್ಕರಿಸಿದ ಪುಸ್ತಕಗಳ ಸುತ್ತ ದೊಡ್ಡ ಗದ್ದಲವೆದ್ದಿತು. ದೇವನೂರ ಮಹಾದೇವ ಸೇರಿದಂತೆ ಹಲವು ಲೇಖಕರು ತಮ್ಮ ಬರಹಗಳನ್ನು ಹಿಂಪಡೆದರು. ಬಸವಣ್ಣನವರ ಪಾಠಕ್ಕೆ ಮಠಾಧೀಶರಿಂದ ಆಕ್ಷೇಪ ಬಂತು. ಒಂಬತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಅಂಬೇಡ್ಕರ್ ಹೆಸರಿನ ಜೊತೆಗೆ ಇರಬೇಕಾಗಿದ್ದ 'ಸಂವಿಧಾನ ಶಿಲ್ಪಿ' ಬಿಟ್ಟುಹೋಗಿತ್ತು. ಸರ್ಕಾರ ತಿದ್ದುಪಡಿಗೆ ಒಪ್ಪಬೇಕಾಯಿತು. ಆ ಹೊತ್ತಿಗೆ ಶಾಲೆ ಶುರುವಾಗಿ ಪಾಠ ನಡೆಯುತ್ತಿತ್ತು. ಮರುವರ್ಷ ಸರ್ಕಾರ ಬದಲಾಯಿತು. 2023ರ ಜೂನ್ 15ರ ಸಚಿವ ಸಂಪುಟ ಸಭೆ ಆರರಿಂದ ಹತ್ತನೇ ತರಗತಿವರೆಗಿನ ಕನ್ನಡ ಮತ್ತು ಸಮಾಜ ವಿಜ್ಞಾನ ಪುಸ್ತಕಗಳಿಂದ ಕೆಲವು ಪಾಠಗಳನ್ನು ತೆಗೆದು, ಕೆಲವನ್ನು ಸೇರಿಸಲು ತೀರ್ಮಾನಿಸಿತು. ಮೇ ಕೊನೆಯಲ್ಲೇ ಶಾಲೆ ತೆರೆದಿತ್ತು, ಪುಸ್ತಕ ಅಚ್ಚಾಗಿ ಮಕ್ಕಳ ಚೀಲ ಸೇರಿತ್ತು. ಹೊಸದಾಗಿ ಸೇರಿದ್ದನ್ನು ಪೂರಕ ಪುಸ್ತಿಕೆಯಾಗಿ ಕೊಡಬೇಕಾಯಿತು.

ಯಾವ ಪಾಠ ಇರಬೇಕಿತ್ತು, ಯಾವುದು ಹೋಗಬೇಕಿತ್ತು ಎಂಬುದರ ಬಗ್ಗೆ ನನಗೂ ಅಭಿಪ್ರಾಯವಿದೆ, ನಿಮಗೂ ಇದೆ. ಅದನ್ನು ಇನ್ನೊಂದು ದಿನ ಮಾತಾಡೋಣ. ಇಲ್ಲಿ ಎರಡು ಪಕ್ಷಗಳ ಸರ್ಕಾರಗಳೂ ಒಂದೇ ಕೆಲಸ ಮಾಡಿವೆ: ಶಾಲೆ ಶುರುವಾದ ಮೇಲೆ ಪುಸ್ತಕ ತಿದ್ದಿವೆ. ಅದರ ಬೆಲೆ ತೆತ್ತದ್ದು ತರಗತಿ.

ಆ ತರಗತಿಯೊಳಗೆ ಒಮ್ಮೆ ಹೋಗಿ ಕೂತುಕೊಳ್ಳಿ. ಕಂದು ಕಾಗದದ ರಟ್ಟು ಹಾಕಿದ ಹೊಸ ಪುಸ್ತಕ ಮಕ್ಕಳ ಮುಂದಿದೆ. ಪರಿವಿಡಿಯಲ್ಲಿ ಪಾಠದ ಹೆಸರಿದೆ, ಒಳಗೆ ಪಾಠವೂ ಇದೆ, ಆದರೆ ಓದಬಾರದು. "ಆ ಪಾಠಕ್ಕೆ ಪೆನ್ಸಿಲಲ್ಲಿ ಅಡ್ಡಗೆರೆ ಹಾಕಿ" ಎನ್ನುತ್ತಾರೆ ಮೇಡಂ. ಮುಂದಿನ ಬೆಂಚಿನ ಹುಡುಗಿ ಕೇಳಿಯೇ ಕೇಳುತ್ತಾಳೆ: "ಯಾಕೆ ಮಿಸ್?" ಮೇಡಂ ಬಳಿ ಎರಡೇ ದಾರಿ. ಹಿಂದಿನ ರಾತ್ರಿ ಟಿವಿ ಚರ್ಚೆಯಲ್ಲಿ ಕಿರುಚಾಡಿದವರ ಮಾತನ್ನು ತಾನೂ ಆಡಬೇಕು, ಇಲ್ಲವೇ ಸುಮ್ಮನಿರಬೇಕು. ಸರ್ಕಾರಿ ನೌಕರರ ನಡತೆ ನಿಯಮ ನೆನಪಿರುವ ಮೇಡಂ ಎರಡನೆಯದನ್ನೇ ಆರಿಸಿಕೊಳ್ಳುತ್ತಾರೆ. "ಸರ್ಕಾರ ತೆಗೆದಿದೆ ಕಣಮ್ಮ, ಮುಂದಿನ ಪಾಠ ತೆಗಿ." ಒಂದು ಪಾಠವನ್ನು ಯಾಕೆ ಸೇರಿಸಿದರು, ಯಾಕೆ ಕೈಬಿಟ್ಟರು, ಆ ವಿಷಯದಲ್ಲಿ ವಿದ್ವಾಂಸರ ನಡುವೆ ಇರುವ ಭಿನ್ನಾಭಿಪ್ರಾಯವೇನು ಎಂದು ಎರಡು ಪುಟದ ಟಿಪ್ಪಣಿಯನ್ನು ಆ ಮೇಡಂಗೆ ಮೊದಲೇ ಕೊಟ್ಟಿದ್ದರೆ, ಅದೇ ಪ್ರಶ್ನೆ ಆ ವರ್ಷದ ಅತ್ಯುತ್ತಮ ಸಮಾಜ ವಿಜ್ಞಾನ ಪಾಠವಾಗುತ್ತಿತ್ತು. ಕೊಡದೇ ಇದ್ದದ್ದರಿಂದ ಹುಡುಗಿ ಕಲಿತದ್ದು ಒಂದನ್ನೇ: ಯಾಕೆ ಎಂದು ಕೇಳಬಾರದು.

ಪರೀಕ್ಷೆಯದ್ದೂ ಇದೇ ಹಾಡು. 2023-24ರಿಂದ ಎಸ್‌ಎಸ್‌ಎಲ್‌ಸಿಗೆ ಪೂರಕ ಪರೀಕ್ಷೆ ಹೋಗಿ ಪರೀಕ್ಷೆ-1, 2, 3 ಬಂದವು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಏರಿಸಿದ ಮೇಲೆ. ಕೃಪಾಂಕ ಏರಿಸಿದ್ದು ಎಷ್ಟೋ ಮೇಷ್ಟ್ರುಗಳಿಗೆ ತಿಳಿದದ್ದು ಫಲಿತಾಂಶದ ದಿನ. ಮರುವರ್ಷ ಆ ಕೃಪಾಂಕ ಹೋಯಿತು, 2025ರ ಮೊದಲ ಪರೀಕ್ಷೆಯ ಫಲಿತಾಂಶ ಶೇ 66.14 ಆಯಿತು. ಅದೇ ಅಕ್ಟೋಬರ್‌ನಲ್ಲಿ, ಅಂದರೆ ಶೈಕ್ಷಣಿಕ ವರ್ಷದ ನಟ್ಟನಡುವೆ, ಪಾಸಾಗಲು ಶೇ 33 ಸಾಕು ಎಂಬ ಘೋಷಣೆ ಬಂತು, ಅದೇ ವರ್ಷದಿಂದ ಜಾರಿಗೆ. ಈ ಒಂದೊಂದು ನಿರ್ಧಾರಕ್ಕೂ ಸಮರ್ಥನೆ ಇರಬಹುದು. ನಕಲು ನಿಲ್ಲಿಸಬೇಕಾದದ್ದೇ, ಕಷ್ಟದಲ್ಲಿರುವ ಮಗುವಿಗೆ ಇನ್ನೊಂದು ಅವಕಾಶ ಕೊಡಬೇಕಾದದ್ದೇ. ಆದರೆ ಹತ್ತನೇ ತರಗತಿಗೆ ಪಾಠ ಮಾಡುವವರು ಜೂನ್‌ನಲ್ಲೇ ಹಿಂದುಳಿದ ಮಕ್ಕಳ ಪಟ್ಟಿ ಮಾಡುತ್ತಾರೆ. ಯಾರಿಗೆ ಸಂಜೆ ವಿಶೇಷ ತರಗತಿ, ಯಾರಿಗೆ ಯಾವ ಅಧ್ಯಾಯ ಗಟ್ಟಿ ಮಾಡಿಸಬೇಕು ಎಂದು ಆಗಲೇ ಲೆಕ್ಕ ಹಾಕುತ್ತಾರೆ. ಆ ಲೆಕ್ಕವೆಲ್ಲ ಪಾಸಿನ ಅಂಕದ ಮೇಲೆ ನಿಂತಿರುತ್ತದೆ. ಅದನ್ನು ಅಕ್ಟೋಬರ್‌ನಲ್ಲಿ ಬದಲಿಸುವ ಮೊದಲು ಅವರನ್ನು ಒಂದು ಮಾತು ಕೇಳಿದ್ದರೆ ಯಾರಿಗೆ ಏನು ನಷ್ಟವಾಗುತ್ತಿತ್ತು?

ಇನ್ನು ಕಾರ್ಯಕ್ರಮಗಳು. ಕೋವಿಡ್ ನಂತರ 2022-23ರಲ್ಲಿ 'ಕಲಿಕಾ ಚೇತರಿಕೆ' ಬಂತು, ಅದಕ್ಕೆ ಮುನ್ನುಡಿಯಾಗಿ 'ಮಳೆಬಿಲ್ಲು'. ಆಮೇಲೆ 'ಕಲಿಕಾ ಬಲವರ್ಧನೆ'. ಪ್ರತಿ ವರ್ಷದ ಶುರುವಿಗೆ ಸೇತುಬಂಧ ಇದ್ದದ್ದೇ. ಮರುಸಿಂಚನ, ಗಣಿತ ಗಣಕ ಎಂದು ಹೆಸರುಗಳು ಬೆಳೆದವು. 2025-26ರಲ್ಲಿ ಪಾಠ ಆಧಾರಿತ ಮೌಲ್ಯಾಂಕನ, ಸ್ಟಾಫ್ ರೂಮಿನ ಭಾಷೆಯಲ್ಲಿ ಎಲ್‌ಬಿಎ. ಇವುಗಳಲ್ಲಿ ಕೆಲವು ನಿಜಕ್ಕೂ ಒಳ್ಳೆಯ ಯೋಚನೆಗಳು. ಕಲಿಕಾ ಚೇತರಿಕೆಯನ್ನೇ ತೆಗೆದುಕೊಳ್ಳಿ. ಶಾಲೆ ಮುಚ್ಚಿದ ಎರಡು ವರ್ಷಗಳಲ್ಲಿ ಮಗು ಕಳೆದುಕೊಂಡ ಕಲಿಕಾ ಫಲಗಳನ್ನು ಆ ವರ್ಷದ ಕಲಿಕೆಯ ಜೊತೆಗೇ ಹೆಣೆದು ಕಲಿಕಾ ಹಾಳೆಗಳನ್ನು ಮಾಡಿದ್ದರು. ಹೆಣೆದದ್ದು ಯಾಕೆ ಎಂದು ತಿಳಿದ ಮೇಷ್ಟ್ರ ಕೈಯಲ್ಲಿ ಅದು ಬೆಳಗಿತು. ತಿಳಿಯದವರ ಕೈಯಲ್ಲಿ, ಪುಸ್ತಕ ಬಿಟ್ಟು ಹಾಳೆ ತುಂಬಿಸುವ ಕೆಲಸವಾಯಿತು; ಮಕ್ಕಳು ಒಬ್ಬರದನ್ನೊಬ್ಬರು ನೋಡಿ ಬರೆದರು, ಹಾಳೆ ತುಂಬಿತು, ತಪಾಸಣೆಗೆ ಬಂದವರು ಸಹಿ ಹಾಕಿದರು. ಹಾಳೆ ಒಂದೇ, ಮಕ್ಕಳೂ ಅಂಥವರೇ. ವ್ಯತ್ಯಾಸ ಇದ್ದದ್ದು ಮೇಷ್ಟ್ರಿಗೆ ಕಾರಣ ಗೊತ್ತಿತ್ತೋ ಇಲ್ಲವೋ ಎಂಬುದರಲ್ಲಿ.

ಈಗ ತಿಳಿಸುವ ರೀತಿಯನ್ನು ನೋಡಿ. ರಾತ್ರಿ ಒಂಬತ್ತೂವರೆಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಪಿಡಿಎಫ್ ಬೀಳುತ್ತದೆ. ಆಯುಕ್ತರ ಕಚೇರಿಯಿಂದ ಜಿಲ್ಲೆಯ ಡಿಡಿಪಿಐಗೆ, ಅವರಿಂದ ತಾಲ್ಲೂಕಿನ ಬಿಇಒಗೆ, ಅಲ್ಲಿಂದ ಕ್ಲಸ್ಟರಿನ ಸಿಆರ್‌ಪಿಗೆ, ಸಿಆರ್‌ಪಿಯಿಂದ ಹೆಡ್‌ಮಾಸ್ಟರಿಗೆ, ಹೆಡ್‌ಮಾಸ್ಟರಿಂದ ಮೇಷ್ಟ್ರಿಗೆ. ಓರೆಯಾಗಿ ಸ್ಕ್ಯಾನ್ ಮಾಡಿದ ಪುಟ, ಅಂಚಿನಲ್ಲಿ ಕತ್ತರಿಸಿಹೋದ ಸಾಲು, ಮೇಲೆ ನಾಲ್ಕು ಉಲ್ಲೇಖಗಳು. ಆ ಉಲ್ಲೇಖಗಳಲ್ಲಿ ಒಂದನ್ನೂ ಮೇಷ್ಟ್ರು ನೋಡಿಲ್ಲ. ನಡುವೆ ಒಂದು ನಮೂನೆ, ನಾಳೆ ಮಧ್ಯಾಹ್ನದೊಳಗೆ ಭರ್ತಿ ಮಾಡಿ ಕಳಿಸಬೇಕು. ಕೊನೆಯಲ್ಲಿ ತಪ್ಪಿದರೆ ಶಿಸ್ತುಕ್ರಮದ ಎಚ್ಚರಿಕೆ. ಕೆಳಗೆ ಹತ್ತಿಪ್ಪತ್ತು ಕೈಮುಗಿದ ಇಮೋಜಿಗಳು. ಒಬ್ಬರು ಧೈರ್ಯ ಮಾಡಿ "ಸರ್, ಇದು ಆರನೇ ತರಗತಿಗೂ ಅನ್ವಯವಾಗುತ್ತಾ?" ಎಂದು ಕೇಳುತ್ತಾರೆ. ಉತ್ತರ ಬರುವುದಿಲ್ಲ, ಯಾಕೆಂದರೆ ಕಳಿಸಿದ ಸಿಆರ್‌ಪಿಗೂ ಅದು ಗೊತ್ತಿಲ್ಲ. ಮರುದಿನ ಬೆಳಗ್ಗೆ ಒಂದೇ ಹೋಬಳಿಯ ಹತ್ತು ಶಾಲೆಗಳಲ್ಲಿ ಒಂದು ಸುತ್ತೋಲೆ ಹತ್ತು ರೀತಿಯಲ್ಲಿ ಜಾರಿಯಾಗುತ್ತದೆ.

ತರಬೇತಿ ಕೊಡುತ್ತೇವಲ್ಲ ಎನ್ನಬಹುದು. ಕೊಡುತ್ತಾರೆ. ಬೆಂಗಳೂರಿನಲ್ಲಿ ರಾಜ್ಯ ಸಂಪನ್ಮೂಲ ವ್ಯಕ್ತಿಗಳಿಗೆ, ಅವರಿಂದ ಜಿಲ್ಲಾ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ಜಿಲ್ಲೆಯವರಿಗೆ, ಅವರಿಂದ ತಾಲ್ಲೂಕಿನ ಬಿಆರ್‌ಸಿಯಲ್ಲಿ ಮೇಷ್ಟ್ರಿಗೆ. ಪ್ರತಿ ಮೆಟ್ಟಿಲು ಇಳಿದಾಗಲೂ ದಿನ ಕಡಿಮೆಯಾಗುತ್ತದೆ, ಕಾರಣ ಉದುರುತ್ತದೆ, ಕೊನೆಗೆ ನಮೂನೆ ತುಂಬುವುದು ಹೇಗೆ ಎಂಬುದಷ್ಟೇ ಉಳಿಯುತ್ತದೆ. ಅದೂ ಬಹಳ ಸಲ ಆಗಸ್ಟ್‌ನಲ್ಲೋ ಸೆಪ್ಟೆಂಬರ್‌ನಲ್ಲೋ, ಪಾಠ ಅರ್ಧ ಮುಗಿದ ಮೇಲೆ. ಪಂಕ್ತಿಯಲ್ಲಿ ಎಲೆ ಹಾಕಿ ನೆಂಟರು ಕೂತ ಮೇಲೆ ಅಡುಗೆ ಭಟ್ಟರನ್ನು ಕರೆದು 'ಪಟ್ಟಿ ಬದಲಾಗಿದೆ' ಎಂದ ಹಾಗಾಯಿತು.

ಇಷ್ಟಾದರೂ ಸಿಗುವುದು ಕಾಯಂ ಮೇಷ್ಟ್ರಿಗೆ. ಪ್ರತಿ ವರ್ಷ ಶಾಲೆ ಶುರುವಾದ ಮೇಲೆ ನೇಮಕವಾಗಿ, ವರ್ಷ ಮುಗಿಯುತ್ತಲೇ ಮನೆಗೆ ಹೋಗುವ ಹತ್ತಾರು ಸಾವಿರ ಅತಿಥಿ ಶಿಕ್ಷಕರನ್ನು ನೆನೆಯಿರಿ. ಎಷ್ಟೋ ಹಳ್ಳಿ ಶಾಲೆಗಳಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ನಿಂತಿರುವುದು ಅವರ ಮೇಲೆ. ಪರಿಷ್ಕೃತ ಪಠ್ಯದ ತರಬೇತಿ ಪಟ್ಟಿಯಲ್ಲಿ ಅವರ ಹೆಸರಿರುವುದು ಅಪರೂಪ. ಇಡೀ ಶಾಲೆಗೆ ಒಬ್ಬರೇ ಇರುವ ಏಕೋಪಾಧ್ಯಾಯ ಶಾಲೆಯ ಮೇಷ್ಟ್ರು ತರಬೇತಿಗೆ ಹೋದರೆ ಶಾಲೆಗೆ ಬೀಗ ಬೀಳುತ್ತದೆ; ಹೋಗದಿದ್ದರೆ ಅವರಿಗೆ ಏನೂ ತಿಳಿಯುವುದಿಲ್ಲ. ರಾಜ್ಯ ಪಠ್ಯಕ್ರಮದ ಸಣ್ಣ ಖಾಸಗಿ ಶಾಲೆಯಲ್ಲಿ ಅಲ್ಪ ಸಂಬಳಕ್ಕೆ ದುಡಿಯುವ ಹೆಣ್ಣುಮಕ್ಕಳಿಗೆ ಡಯಟ್ ಎಲ್ಲಿದೆ ಎಂಬುದೇ ಗೊತ್ತಿರುವುದಿಲ್ಲ. ಅವರಿಗೆ ಗೈಡೇ ಗುರು. ಅದೇ ಪಠ್ಯ, ಅದೇ ಪರೀಕ್ಷೆ ಎದುರಿಸುವ ಮಕ್ಕಳು ಅವರ ಮುಂದೆಯೂ ಕೂತಿದ್ದಾರೆ.

ಕಾನೂನು ಏನು ಹೇಳುತ್ತದೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಮೇಷ್ಟ್ರ ಕರ್ತವ್ಯಗಳನ್ನು ಪಟ್ಟಿ ಮಾಡಿದೆ: ಸಮಯಕ್ಕೆ ಸರಿಯಾಗಿ ಶಾಲೆಗೆ ಬರಬೇಕು, ನಿಗದಿತ ಅವಧಿಯಲ್ಲಿ ಪೂರ್ತಿ ಪಠ್ಯಕ್ರಮ ಮುಗಿಸಬೇಕು, ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯ ನೋಡಿ ಬೇಕಾದರೆ ಹೆಚ್ಚುವರಿ ಪಾಠ ಮಾಡಬೇಕು. ಅದೇ ಕಾಯ್ದೆಯ 8ನೇ ಸೆಕ್ಷನ್ ಶಿಕ್ಷಕರಿಗೆ ತರಬೇತಿ ಸೌಲಭ್ಯ ಒದಗಿಸುವುದು ಸರ್ಕಾರದ ಕರ್ತವ್ಯ ಎನ್ನುತ್ತದೆ. ಮೊದಲನೆಯದು ಮುರಿದರೆ ನೋಟಿಸ್ ಬರುತ್ತದೆ. ಎರಡನೆಯದು ಮುರಿದರೆ ಯಾರಿಗೂ ಏನೂ ಆಗುವುದಿಲ್ಲ. ಇದಕ್ಕೂ ಹಿಂದೆ, 1966ರಲ್ಲಿ, ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ಶಿಕ್ಷಕರ ಸ್ಥಾನಮಾನದ ಬಗ್ಗೆ ಒಂದು ಶಿಫಾರಸು ಹೊರಡಿಸಿದವು. ಹೊಸ ಪಠ್ಯ, ಹೊಸ ಪುಸ್ತಕ, ಹೊಸ ಬೋಧನೋಪಕರಣ ರೂಪಿಸುವುದರಲ್ಲಿ ಶಿಕ್ಷಕರೂ ಅವರ ಸಂಘಟನೆಗಳೂ ಪಾಲುಗೊಳ್ಳಬೇಕು ಎಂದು ಅದು ಹೇಳಿತು. ಅಕ್ಟೋಬರ್ 5ನ್ನು ವಿಶ್ವ ಶಿಕ್ಷಕರ ದಿನವೆಂದು ಜಗತ್ತು ಆಚರಿಸುವುದು ಆ ಶಿಫಾರಸಿನ ನೆನಪಿಗೆ. ನಾವೂ ಸೆಪ್ಟೆಂಬರ್ 5ರಂದು ಶಾಲು ಹೊದಿಸಿ ಹಾರ ಹಾಕುತ್ತೇವೆ. 6ನೇ ತಾರೀಖು ಮತ್ತೆ ಪಿಡಿಎಫ್ ಬೀಳುತ್ತದೆ.

ಇಷ್ಟು ದೊಡ್ಡ ರಾಜ್ಯದಲ್ಲಿ ಎಲ್ಲ ಮೇಷ್ಟ್ರಿಗೂ ಮೊದಲೇ ತಿಳಿಸುವುದು ಆಗದ ಮಾತು ಎನ್ನುವವರಿಗೆ ಒಂದು ಪ್ರಶ್ನೆ. ಚುನಾವಣೆ ಬಂದಾಗ ಹೇಗೆ ಆಗುತ್ತದೆ? ಅದೇ ಮೇಷ್ಟ್ರು ಮತಗಟ್ಟೆ ಅಧಿಕಾರಿಯಾದರೆ ಕೈಪಿಡಿ ಬರುತ್ತದೆ. ಒಂದಕ್ಕಿಂತ ಹೆಚ್ಚು ಸುತ್ತಿನ ತರಬೇತಿ ಇರುತ್ತದೆ. ಇವಿಎಂ ಮುಟ್ಟಿ, ಜೋಡಿಸಿ, ಮೊಹರು ಹಾಕಿ ಕಲಿಯಲು ಅವಕಾಶ ಇರುತ್ತದೆ. ಮತದಾನದ ದಿನ ಬೆಳಗ್ಗೆ ಅಣಕು ಮತದಾನ. ಅನುಮಾನ ಬಂದರೆ ಕೇಳಲು ಸೆಕ್ಟರ್ ಅಧಿಕಾರಿ, ಅವರ ಫೋನ್ ನಂಬರ್ ಜೇಬಿನಲ್ಲಿ. ತರಬೇತಿಗೆ ಬಾರದಿದ್ದರೆ ಕಾರಣ ಕೇಳುತ್ತಾರೆ. ಇಷ್ಟೆಲ್ಲ ಒಂದು ದಿನದ ಕೆಲಸಕ್ಕೆ, ಯಾಕೆಂದರೆ ಅಲ್ಲಿ ತಪ್ಪಾದರೆ ಉತ್ತರ ಹೇಳಬೇಕಾದವರು ಮೇಲಿನವರು. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮೇಷ್ಟ್ರುಗಳನ್ನು ಮನೆಮನೆಗೆ ಕಳಿಸಿದರು. ಕೆಲಸ ಮುಗಿಯದಾಗ ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಿದರು. ಸರ್ಕಾರಕ್ಕೆ ಮನಸ್ಸಿದ್ದರೆ ಮೇಷ್ಟ್ರನ್ನು ಹುಡುಕುವುದೂ ಗೊತ್ತು, ಸಮಯ ಹೊಂದಿಸುವುದೂ ಗೊತ್ತು. ಮಕ್ಕಳ ಕಲಿಕೆಯ ವಿಷಯದಲ್ಲಿ ಆ ಮನಸ್ಸು ಎಲ್ಲಿ ಹೋಗುತ್ತದೆ?

ಮೇಷ್ಟ್ರಿಗೆ ಬದಲಾವಣೆಯೇ ಬೇಡ, ಅವರಿಗೆ ಬೇಕಾದದ್ದು ವರ್ಗಾವಣೆ ಮತ್ತು ಇನ್‌ಕ್ರಿಮೆಂಟ್ ಎನ್ನುವ ಮಾತೂ ಕಚೇರಿಗಳಲ್ಲಿ ಕೇಳಿಬರುತ್ತದೆ. ಹಾಗೆನ್ನುವವರು ಹೆಗ್ಗಡದೇವನಕೋಟೆಗೆ ಹೋಗಿ ಬರಲಿ. 1995ರಲ್ಲಿ ಆ ತಾಲ್ಲೂಕಿನ ಮೇಷ್ಟ್ರುಗಳು ಯುನಿಸೆಫ್ ನೆರವಿನಿಂದ ಆಂಧ್ರದ ರಿಷಿವ್ಯಾಲಿಗೆ ಹೋದರು. ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಾರ್ಡು ಹಿಡಿದು ಕಲಿಯುವುದನ್ನು ಕಂಡರು. ಮರಳಿ ಬಂದು ನಮ್ಮ ಭಾಷೆಗೆ, ನಮ್ಮ ಮಕ್ಕಳಿಗೆ ಹೊಂದುವ ಹಾಗೆ ತಾವೇ ಕೂತು ಕಾರ್ಡು ಬರೆದರು. ಹುಟ್ಟಿದ್ದು ನಲಿ-ಕಲಿ. ಗೋಡೆಗೆ ಕಲಿಕಾ ಏಣಿ, ತಲೆಯ ಮೇಲೆ ಚಪ್ಪರ, ತಟ್ಟೆಗಳಲ್ಲಿ ಕಾರ್ಡು. ಒಂದನೇ ತರಗತಿಯ ಮಗು ಏಣಿಯ ಮೇಲೆ ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ನೋಡಿಕೊಂಡು, ಲೋಗೋ ಗುರುತಿಸಿ ತನ್ನ ಕಾರ್ಡನ್ನು ತಾನೇ ಎತ್ತಿಕೊಂಡು ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಯಾವ ಕಾರ್ಡು ಯಾವ ಮೆಟ್ಟಿಲಲ್ಲಿ ಯಾಕಿದೆ ಎಂದು ಆ ಮೇಷ್ಟ್ರುಗಳು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು, ಯಾಕೆಂದರೆ ಅದನ್ನು ಇಟ್ಟವರು ಅವರೇ. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು. ಬೇರೆ ಕಡೆ ಬಂದದ್ದು ಕಾರ್ಡುಗಳ ಪೆಟ್ಟಿಗೆ. ಅದರ ಹಿಂದಿನ ಯೋಚನೆ ಪೆಟ್ಟಿಗೆಯಷ್ಟು ಸಲೀಸಾಗಿ ಪ್ರಯಾಣ ಮಾಡಲಿಲ್ಲ. ಅದು ತಲುಪಿದ ಶಾಲೆಯಲ್ಲಿ ನಲಿ-ಕಲಿ ಉಳಿಯಿತು, ತಲುಪದ ಕಡೆ ಕಾರ್ಡುಗಳು ಬೀರುವಿನಲ್ಲಿ ಧೂಳು ಹಿಡಿದವು.

2020ರ ವಿದ್ಯಾಗಮವನ್ನೂ ಮರೆಯಬೇಡಿ. ಕೋವಿಡ್ ಬಂದು ಶಾಲೆ ಮುಚ್ಚಿದ್ದ ಕಾಲದಲ್ಲಿ ಮೇಷ್ಟ್ರುಗಳು ದೇವಸ್ಥಾನದ ಜಗಲಿ, ಅರಳಿಕಟ್ಟೆ, ಮರದ ನೆರಳು ಹುಡುಕಿಕೊಂಡು ಮಕ್ಕಳಿದ್ದಲ್ಲಿಗೇ ಹೋದರು. ಸೋಂಕು ತಗುಲಿ, ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸುವವರೆಗೂ ಹೋದರು. ಯಾಕೆ ಹೋಗಬೇಕು ಎಂದು ಯಾರೂ ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ; ಕಾರಣ ಕಣ್ಣೆದುರಿಗೇ ಇತ್ತು. ಕಾರಣ ಮನವರಿಕೆಯಾದರೆ ಮೇಷ್ಟ್ರು ಏನು ಮಾಡಬಲ್ಲರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಇದನ್ನೆಲ್ಲ ಈಗ ಹೇಳಲು ಕಾರಣವಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021-22ರಲ್ಲಿ ಪದವಿ ಕಾಲೇಜುಗಳಿಗೆ ತರಾತುರಿಯಲ್ಲಿ ತಂದೆವು, 2024ರಲ್ಲಿ ಅಷ್ಟೇ ತರಾತುರಿಯಲ್ಲಿ ಮೂರು ವರ್ಷದ ಪದವಿಗೆ ಮರಳಿದೆವು. ಒಂದೇ ಕಾಲೇಜಿನಲ್ಲಿ ಒಂದೇ ಅಧ್ಯಾಪಕರು ಎರಡು ಪಠ್ಯಕ್ರಮಗಳನ್ನು ಒಟ್ಟಿಗೆ ಹೊತ್ತರು. ಈಗ ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ತನ್ನ ವರದಿ ಒಪ್ಪಿಸಿದೆ. ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲೇ ಬೋಧನೆ, ಎರಡು ಭಾಷೆಗಳ ನೀತಿ, ಪೂರ್ವ ಪ್ರಾಥಮಿಕ, ಪ್ರಾಥಮಿಕ, ಪ್ರೌಢ ಹಂತಗಳಿಗೆ 2+8+4 ವರ್ಷಗಳ ಹೊಸ ಚೌಕಟ್ಟು, ಇವೆಲ್ಲ ಅದರಲ್ಲಿವೆ. ಒಪ್ಪುವುದು ಬಿಡುವುದು ಮುಂದಿನ ಮಾತು. ಆದರೆ ಯಾವುದಾದರೂ ಪ್ರೌಢಶಾಲೆಯ ಸ್ಟಾಫ್ ರೂಮಿಗೆ ಹೋಗಿ ಕೇಳಿ. ಪ್ರಾಥಮಿಕ ಹಂತ ಎಂಟು ವರ್ಷವಾದರೆ ಇಂದು ಪ್ರೌಢಶಾಲೆಯಲ್ಲಿರುವ ಎಂಟನೇ ತರಗತಿ ಎಲ್ಲಿಗೆ ಹೋಗುತ್ತದೆ? ಅಲ್ಲಿ ಪಾಠ ಮಾಡುವವರ ಹುದ್ದೆ ಏನಾಗುತ್ತದೆ? ಎರಡೇ ಭಾಷೆ ಎಂದಾದರೆ ಹಿಂದಿ, ಸಂಸ್ಕೃತ, ಉರ್ದು ಹೇಳಿಕೊಡುವವರು ಏನು ಮಾಡಬೇಕು? ಈ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವರು ಬಾಯಿ ಬಿಡುವವರೆಗೆ ಗಾಳಿಸುದ್ದಿಯೇ ಉತ್ತರ ಹೇಳುತ್ತಿರುತ್ತದೆ. ಈ ಸಲವೂ ಮೇಷ್ಟ್ರಿಗೆ ಕೊನೆಗೆ ಹೇಳಿದರೆ, ನೀತಿ ಎಷ್ಟು ಒಳ್ಳೆಯದಾದರೂ ಬಾಗಿಲಲ್ಲೇ ಮುಗ್ಗರಿಸುತ್ತದೆ.

ಆದ್ದರಿಂದ, ಅಧಿಕಾರದಲ್ಲಿರುವವರೇ, ಯಾವ ಪಕ್ಷದವರಾದರೂ ಸರಿ, ಕೇಳಿ. ಶಾಲೆ ತೆರೆದ ಮೇಲೆ ಆ ವರ್ಷದ ಪಠ್ಯ, ಪರೀಕ್ಷೆ, ಮೌಲ್ಯಮಾಪನ ಮುಟ್ಟುವುದಿಲ್ಲ ಎಂದು ಒಂದು ನಿಯಮ ಮಾಡಿ. ಮುಂದಿನ ವರ್ಷಕ್ಕೆ ಏನೇ ಬದಲಾಗುವುದಿದ್ದರೂ ಬೇಸಿಗೆ ರಜೆಗೆ ಮೊದಲೇ ಪ್ರತಿ ಶಾಲೆಗೂ ಕನ್ನಡದಲ್ಲಿ, ಓದಿದರೆ ಅರ್ಥವಾಗುವ ಭಾಷೆಯಲ್ಲಿ ತಲುಪಿಸಿ. ಕರಡನ್ನು ಮೇಷ್ಟ್ರ ಮುಂದಿಡಿ, ಅವರ ಆಕ್ಷೇಪಕ್ಕೆ ಒಪ್ಪಿಯೋ ತಳ್ಳಿಯೋ ಉತ್ತರ ಕೊಡಿ. ತರಬೇತಿಯ ಪಟ್ಟಿಯಲ್ಲಿ ಅತಿಥಿ ಶಿಕ್ಷಕರ, ಖಾಸಗಿ ಶಾಲೆಯವರ ಹೆಸರೂ ಇರಲಿ. ಪ್ರತಿ ಆದೇಶದ ಕೆಳಗೆ ಪ್ರಶ್ನೆ ಕೇಳಬಹುದಾದ ಒಬ್ಬ ಅಧಿಕಾರಿಯ ಹೆಸರು ಬರೆಯಿರಿ. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ.

ಬಿಇಒ, ಡಯಟ್, ಸಿಆರ್‌ಪಿ ಬಂಧುಗಳೇ, ನಿಮ್ಮಲ್ಲಿ ಹೆಚ್ಚಿನವರು ಮೇಷ್ಟ್ರುಗಳಾಗಿಯೇ ಬಂದವರು. ಬಂದ ಪಿಡಿಎಫನ್ನು ಹಾಗೇ ಮುಂದಕ್ಕೆ ದಾಟಿಸುವುದು ನಿಮ್ಮ ಕೆಲಸವಲ್ಲ. ಓದಿ, ನಿಮಗೇ ಅರ್ಥವಾಗದಿದ್ದರೆ ಮೇಲಕ್ಕೆ ಬರೆದು ಕೇಳಿ, ಆಮೇಲೆ ಕಳಿಸಿ. ತಿಂಗಳಿಗೊಮ್ಮೆ ಸೇರುವ ಸಮಾಲೋಚನಾ ಸಭೆ ಅಂಕಿಅಂಶ ಒಪ್ಪಿಸುವ ಸಭೆಯಾಗಿದೆ. ಅದರಲ್ಲಿ ಒಂದು ಗಂಟೆಯನ್ನಾದರೂ ಸಮಾಲೋಚನೆಗೆ ಬಿಟ್ಟುಕೊಡಿ.

ಶಿಕ್ಷಕರ ಸಂಘಟನೆಗಳೇ, ಪಿಂಚಣಿಗಾಗಿ, ಬಡ್ತಿಗಾಗಿ, ವರ್ಗಾವಣೆಗಾಗಿ ನೀವು ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತದ್ದು ನ್ಯಾಯವೇ. ಪಠ್ಯದ ವಿಷಯಕ್ಕೆ ಎಷ್ಟು ಸಲ ಕೂತಿರಿ? ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಸ್ಥಾನಗಳು ಶಿಕ್ಷಕರ ಕ್ಷೇತ್ರದವು. ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲಿನವರಿಗಷ್ಟೇ ಅಲ್ಲಿ ಮತ. ಅಕ್ಷರ ತಿದ್ದಿಸುವ ಪ್ರಾಥಮಿಕ ಶಾಲೆಯ ಮೇಷ್ಟ್ರಿಗೆ ಇಲ್ಲ. ಹಾಗಿದ್ದ ಮೇಲೆ ಆ ಏಳು ಮಂದಿಯ ಹೊಣೆ ಇನ್ನೂ ದೊಡ್ಡದು. ಪ್ರತಿ ಅಧಿವೇಶನದಲ್ಲೂ ಅವರು ಕೇಳಲಿ: ಈ ಆದೇಶ ಶಾಲೆಗೆ ಯಾವ ದಿನ ತಲುಪಿತು?

ತಂದೆ ತಾಯಂದಿರೇ, ಎಸ್‌ಡಿಎಂಸಿ ಸದಸ್ಯರೇ, ಫಲಿತಾಂಶ ಕಡಿಮೆ ಬಂದಾಗ ಹೆಡ್‌ಮಾಸ್ಟರ ಕೊಠಡಿಗೆ ನುಗ್ಗುವ ಮೊದಲು ಒಂದು ಪ್ರಶ್ನೆ ಕೇಳಿ: "ಮೇಷ್ಟ್ರೇ, ಈ ವರ್ಷ ಬದಲಾದದ್ದನ್ನು ನಿಮಗೆ ಯಾವಾಗ ಹೇಳಿದರು?" ಉತ್ತರ ಕೇಳಿದ ಮೇಲೆ ಸಿಟ್ಟನ್ನು ಎಲ್ಲಿಗೆ ಒಯ್ಯಬೇಕೋ ಅಲ್ಲಿಗೆ ಒಯ್ಯಿರಿ.

ಕೊನೆಗೆ, ಮೇಷ್ಟ್ರೇ, ಮೇಡಂ, ನಿಮಗೂ ಒಂದು ಮಾತಿದೆ. ಹೇಳಲಿಲ್ಲ ಎನ್ನುವುದು ದೂರು. ಕೇಳಲಿಲ್ಲ ಎನ್ನುವುದು ನಮ್ಮ ಪಾಲಿನ ತಪ್ಪು. ನಮ್ಮ ಬದುಕನ್ನೇ ತಿರುವಿಹಾಕಬಲ್ಲ ನೀತಿಯ ವರದಿಯನ್ನು ನಮ್ಮಲ್ಲಿ ಎಷ್ಟು ಮಂದಿ ಹತ್ತು ಪುಟವಾದರೂ ಓದಿದ್ದೇವೆ? ಗುಂಪಿನಲ್ಲಿ ಬಂದ ಸುತ್ತೋಲೆಯನ್ನು ತೆರೆಯದೆಯೇ ಕೈಮುಗಿದದ್ದು ಎಷ್ಟು ಸಲ? ಮಗುವಿಗೆ ಪ್ರಶ್ನೆ ಕೇಳು ಎಂದು ಹೇಳಿಕೊಡುವವರು ತಮ್ಮ ಸರದಿ ಬಂದಾಗ ಬಾಯಿ ಮುಚ್ಚಿ ಕೂತರೆ, ಮೇಲಿನವರು ಅದನ್ನು ಒಪ್ಪಿಗೆ ಎಂದೇ ಎಣಿಸುತ್ತಾರೆ.

ಬರುವ ಸಮಾಲೋಚನಾ ಸಭೆಯಲ್ಲಿ ಎದ್ದು ನಿಲ್ಲಿ. ಒಬ್ಬರೇ ಬೇಡ, ಇಡೀ ಕ್ಲಸ್ಟರಿನವರು ಒಟ್ಟಿಗೆ ನಿಲ್ಲಿ. ಏನು ಬದಲಾಗಿದೆ? ಯಾಕೆ? ಯಾವಾಗಿನಿಂದ? ಅನುಮಾನ ಬಂದರೆ ಯಾರನ್ನು ಕೇಳಬೇಕು? ಬಾಯಲ್ಲಿ ಕೇಳಿ, ಆಮೇಲೆ ಕಾಗದದ ಮೇಲೆ ಬರೆದು, ಎಲ್ಲರೂ ಸಹಿ ಹಾಕಿ, ಬಿಇಒ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ ಮುಂದಿನ ತಿಂಗಳು ಅದೇ ನಾಲ್ಕು ಪ್ರಶ್ನೆಗಳನ್ನು ಡಿಡಿಪಿಐಗೆ ಬರೆಯಿರಿ, ಅದರ ಮುಂದಿನ ತಿಂಗಳು ಆಯುಕ್ತರಿಗೆ. ಅಲ್ಲೂ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ. ಇದರಲ್ಲಿ ಶಿಸ್ತು ಮೀರುವ ಮಾತೇನೂ ಇಲ್ಲ. ನಾಳೆ ಮಕ್ಕಳಿಗೆ ಏನು ಹೇಳಿಕೊಡಬೇಕು ಎಂದು ಕೇಳುವುದು ಮೇಷ್ಟ್ರ ಹಕ್ಕು. ಉತ್ತರ ಸಿಗುವವರೆಗೆ ಕೇಳುತ್ತಲೇ ಇರುವುದು ಆ ಮಕ್ಕಳಿಗೆ ನಾವು ಸಲ್ಲಿಸಬೇಕಾದ ಸಾಲ.